ಆಫ್ ಮಾಡಬಾರದಿದ್ದ ಫ್ರಿಜ್

ಮಾರ್ಚ್ 3, ಮಧ್ಯಾಹ್ನ
ಕ್ಲಿನಿಕ್‌ನಿಂದ ಬಂದೆ. ಊಟ, ಪಾತ್ರೆ. ನಾಲ್ಕಕ್ಕೆ ಮತ್ತೆ ರಿಸೆಪ್ಷನ್‌ನಲ್ಲಿ ಕೂತು ಹಲ್ಲುನೋವಿನವರನ್ನು ಸಮಾಧಾನ ಮಾಡಬೇಕು. ನಾಳೆ ಅಕ್ಕನ ಮನೆಗೆ. ಹೊರಡುವ ಮುಂಚೆ ಎಲ್ಲ ಸ್ವಿಚ್ ಆಫ್ — ಅಪ್ಪ ಕಲಿಸಿದ ಪಾಠ.

ಮಾರ್ಚ್ 8
ಕೆಳಗಿನ ಮನೆಯ ಓನರ್ ಆಂಟಿ ಬಾಗಿಲಲ್ಲೇ ಕಾದಿದ್ದರು. "ಫ್ರಿಜ್ ಆಫ್ ಮಾಡಿದ್ಯಾ?"
"ಹೂಂ ಆಂಟಿ, ಮನೇಲಿ ಇರ್ಲಿಲ್ವಲ್ಲ."
ಆಂಟಿಯ ಮುಖ ಬಿಳಿಚಿತು. ಬಾಡಿಗೆ ಮನೆಯ ಜೊತೆಗೇ ಬಂದ ಮುದಿ ಫ್ರಿಜ್. ತೀರಿಕೊಂಡ ಅಂಕಲ್ ಕೊಂಡದ್ದು. ಬದುಕಿದ್ದಷ್ಟು ಕಾಲ ಒಮ್ಮೆಯೂ ಆಫ್ ಮಾಡಲಿಲ್ಲವಂತೆ. ಈಗ ಸ್ವಿಚ್ ಹಾಕಿದರೆ... ಟಕ್. ಅಷ್ಟೇ.

ಮಾರ್ಚ್ 9
ಮೆಕ್ಯಾನಿಕ್ ಹಿಂಭಾಗ ಬಿಚ್ಚಿ ನೋಡಿದ. "ಓಡ್ತಾ ಇದ್ರೆ ಓಡ್ತಿತ್ತು ಮೇಡಂ. ಒಮ್ಮೆ ಕೂತ ಮುದುಕ ಏಳಲ್ಲ. ಪಾರ್ಟೂ ಸಿಗಲ್ಲ."
ಅಕ್ಕ ಫೋನಿನಲ್ಲಿ: "ವಯಸ್ಸಾಗಿ ಕೆಟ್ಟಿದ್ದಕ್ಕೆ ಬಾಡಿಗೆಯವರು ಹೊಣೆ ಅಲ್ಲ ಕಣೇ. ಅಗ್ರಿಮೆಂಟ್ ನೋಡು."
ನೋಡಿದೆ. ಹೊಣೆಯಲ್ಲ. ಕೆಳಗೆ ಹೋಗಿ ಹಾಗೆಂದೆ.
"ನಾನು ನಿನ್ನ ಹತ್ರ ದುಡ್ಡು ಕೇಳಿದ್ನಾ?" ಎಂದರು ಆಂಟಿ. "ನನ್ನ ಮಂಚ ಅದರ ಕೆಳಗೇ ಇದೆ. ಮಧ್ಯಾಹ್ನ ಊಟ ಆದ್ಮೇಲೆ ಆ ಗುಂಯ್ ಕೇಳ್ತಾ ಮಲಗ್ತಿದ್ದೆ. ಅವರು ಹೋದ್ಮೇಲೆ ನನಗಿದ್ದಿದ್ದು ಅದೊಂದೇ ನಿದ್ದೆ."

ಮಾರ್ಚ್ 17
ನಿದ್ದೆಯಿಲ್ಲದೆ ಆಂಟಿ ಸೊರಗಿದ್ದಾರೆ. ಇವತ್ತು ಮೆಟ್ಟಿಲ ಬಳಿ ತಲೆ ಸುತ್ತಿ ಬೀಳುವುದರಲ್ಲಿದ್ದರು. ಮೇಲೆ ಬಂದು ಫ್ರಿಜ್ಜಿನ ಸದ್ದಿಗೆ ಬದಲಾಗಿ ಮಿಕ್ಸಿ ಹಾಕಿ ನೋಡಿದೆ. ಕೆಳಗಿನಿಂದ ಕೋಲಿನಲ್ಲಿ ಸೂರು ಕುಟ್ಟಿದರು. ನಮ್ಮದು ಹಲಗೆ ನೆಲ, ಪಿಸುಮಾತೂ ಕೆಳಗಿಳಿಯುತ್ತದೆ. ಕೊನೆಗೆ ಬೋರಲು ಮಲಗಿ, ಹಲಗೆಗೆ ಬಾಯಿ ಹಚ್ಚಿ, ಗಂಟಲಲ್ಲೇ — ಗುಂಂಂ... ನನಗೇ ನಗು. ಕೋಲು ಸುಮ್ಮನಾಯಿತು. ಆಮೇಲೆ ಗೊರಕೆ!

ಮಾರ್ಚ್ 18
"ರಿಪೇರಿ ಆಯ್ತಾ?"
"ಆಯ್ತು ಆಂಟಿ."
ಎಲುಬಿಲ್ಲದ ನಾಲಿಗೆ.

ಏಪ್ರಿಲ್ 2
ದಿನಾ ಮಧ್ಯಾಹ್ನ ಊಟವಾದ ಮೇಲೆ ನೆಲದ ಮೇಲೆ ನಾನು. ಗಂಟಲು ಕೆಟ್ಟಿದೆ. ಡಾಕ್ಟರ್ ಬೈದರು, "ಪೇಷೆಂಟ್ಸ್ ಹೆದರ್ತಾರಮ್ಮ, ಬಿಸಿನೀರು ಕುಡಿ." ಯಾವ ಅಗ್ರಿಮೆಂಟಿನಲ್ಲಿತ್ತು ಇದು? ಬಿಡಲೂ ಆಗದು. ನಿಲ್ಲಿಸಿದರೆ ಆಂಟಿ ಉಳಿಯುವುದಿಲ್ಲ ಎಂಬ ಭಯ. ಇನ್ನೊಂದು ಭಯವೂ ಇದೆ. ಉಸಿರೆಳೆಯಲು ನಿಲ್ಲಿಸಿದಾಗ ಸದ್ದು ತಕ್ಷಣ ನಿಲ್ಲುವುದಿಲ್ಲ. ಒಂದು ಗಳಿಗೆ ತಡ. ಕಿವಿಯ ಭ್ರಮೆಯೇ ಇರಬೇಕು.

ಏಪ್ರಿಲ್ 9, ಸಂಜೆ
ಕ್ಲಿನಿಕ್‌ನಲ್ಲಿ ಜೊತೆಯವಳು ರಜೆ, ಮಧ್ಯಾಹ್ನ ಮನೆಗೆ ಬಿಡಲಿಲ್ಲ. ಈಗಷ್ಟೇ ಓಡೋಡಿ ಬಂದೆ. ಆಂಟಿ ಬಾಗಿಲಲ್ಲಿ. ಮುಖದಲ್ಲಿ ಕಳೆ.
"ಇವತ್ತು ಎಂಥಾ ನಿದ್ದೆ ಕಣೇ! ಇಷ್ಟು ದಿನ ಮಧ್ಯೆ ಮಧ್ಯೆ ಉಸಿರು ಕಟ್ಟಿದ ಹಾಗಿರ್ತಿತ್ತು. ಇವತ್ತು ಅದೇ ಸದ್ದು, ಅವರಿದ್ದಾಗ ಇದ್ದ ಹಾಗೇ. ಈಗ ಎಚ್ಚರ ಆಯ್ತು ನೋಡು."
ಹೂಂ ಎಂದೆ. ಮೇಲೆ ನನ್ನ ಬಾಗಿಲಿಗೆ ಬೀಗ ಹಾಕಿದ ಹಾಗೇ ಇತ್ತು. ತೆಗೆದು ದೀಪ ಹಾಕಿದೆ. ಫ್ರಿಜ್ಜಿನ ವೈರು ಕಿತ್ತೇ ಇದೆ, ಮೈ ತಣ್ಣಗೆ. ನಾನು ದಿನಾ ಮಲಗುವ ಜಾಗದ ಹಲಗೆ ಮುಟ್ಟಿ ನೋಡಿದೆ. ಉದ್ದಕ್ಕೂ ಬೆಚ್ಚಗಿದೆ. ಯಾರೋ ಈಗಷ್ಟೇ ಎದ್ದು...