ಹನ್ನೆರಡು ಗಂಟೆಯ ಉಪವಾಸ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ, ಅಕ್ಕನ ಆಶೀರ್ವಾದಗಳು.

ನಿನ್ನ ರಕ್ತದ ಎರಡನೇ ವರದಿ ಬಂದು ಮೂರು ವಾರವಾದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಜಾಸ್ತಿಯಿತ್ತು ಎಂದು ಸುಳ್ಳು ಹೇಳುವುದಿಲ್ಲ. ನನ್ನ ದನಿ ಕೇಳಿದರೆ ನೀನು ಫೋನು ಇಟ್ಟುಬಿಡುತ್ತೀ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀ ಅಂತ ಆಸೆ.

ಇಪ್ಪತ್ತಾರು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದವಳಿಗೆ ಯಾರ ಮಾತಿನಲ್ಲೂ ನಂಬಿಕೆ ಉಳಿಯುವುದಿಲ್ಲ. "ಖಾಲಿ ಹೊಟ್ಟೆ" ಎಂದು ಆಣೆಯಿಡುವವರ ಮೀಸೆಯಲ್ಲೇ ಹಾಲಿನ ಕೆನೆ ಕಂಡಿದ್ದೇನೆ. ನೀನು ನಮ್ಮ ಲ್ಯಾಬಿಗೆ ಬಂದು ರಕ್ತ ಕೊಟ್ಟ ದಿನ ನಿನ್ನ ಸಕ್ಕರೆ ತೊಂಬತ್ತೆರಡು, ಸರಿಯಾಗಿಯೇ ಇತ್ತು. ಹತ್ತರ ಆಸುಪಾಸಿನಲ್ಲಿ ಇರಬೇಕಾದ ಇನ್ಸುಲಿನ್ ಮಾತ್ರ ಇಪ್ಪತ್ತನಾಲ್ಕು. ಮೊದಲು ಯಂತ್ರದ ಮೇಲೆ ಅನುಮಾನ ಪಟ್ಟೆ, ಆಮೇಲೆ ಟ್ಯೂಬಿನ ಚೀಟಿಯ ಮೇಲೆ. ಎರಡೂ ಸರಿಯಿದ್ದವು. ಉಳಿದವಳು ನೀನು. "ನಿಜ ಹೇಳು, ಏನ್ ತಿಂದ್ಕೊಂಡು ಬಂದೆ?" ಎಂದು ಎಲ್ಲರೆದುರು ಕೇಳಿಬಿಟ್ಟೆ.

"ಏನೂ ಇಲ್ಲ ಕಣಕ್ಕಾ. ಬೇಕಾದ್ರೆ ನಿಮ್ಮನೇಲೇ ಇದ್ದು ಇನ್ನೊಂದ್ಸಲ ಕೊಡ್ತೀನಿ," ಅಂದೆ ನೀನು. ಹಾಗೆಯೇ ಬಂದು ಉಳಿದುಕೊಂಡೆ. ಬೆಳಿಗ್ಗೆ ನಾನೇ ರಕ್ತ ತೆಗೆದೆ.

ಈ ಸಲ ಇನ್ಸುಲಿನ್ ಇಪ್ಪತ್ತೈದು. ಟ್ರೈಗ್ಲಿಸರೈಡ್ ಏರಿದೆ, ಒಳ್ಳೆಯ ಕೊಲೆಸ್ಟರಾಲ್ ಇಳಿದಿದೆ. ನಮ್ಮ ಡಾಕ್ಟರಮ್ಮ ನೋಡಿ, "ಇದು ತಿಂದು ಬಂದಿದ್ದಕ್ಕೆ ಆಗಿರೋದಲ್ಲ ಕಣ್ರೀ. ಇನ್ಸುಲಿನ್ ಹೇಳಿದ್ದನ್ನ ಮೈ ಕೇಳ್ತಿಲ್ಲ. ಸಕ್ಕರೆ ಹದದಲ್ಲಿರ್ಬೇಕಂದ್ರೆ ಅದು ಎರಡರಷ್ಟು ದುಡೀಬೇಕು. ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು, ಕರ್ಕೊಂಡ್ ಬನ್ನಿ," ಅಂದರು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ ಪುಟ್ಟಿ, ತಡೆಯಬಹುದು. ನನ್ನ ಮೇಲಿನ ಸಿಟ್ಟಿಗೆ ಮೈ ಕೆಡಿಸಿಕೊಳ್ಳಬೇಡ. ನನ್ನ ಹತ್ತಿರ ಬರದಿದ್ದರೆ ಬೇರೆ ಡಾಕ್ಟರ ಹತ್ತಿರವಾದರೂ ಹೋಗು. ವರದಿಯನ್ನು ಜೊತೆಗೇ ಇಟ್ಟಿದ್ದೇನೆ.

ಚಿಕ್ಕಂದಿನಲ್ಲಿ ಡಬ್ಬದ ಬಿಸ್ಕತ್ತು ಕಡಿಮೆಯಾದರೆ ಅಮ್ಮ ನೋಡುತ್ತಿದ್ದದ್ದು ನಿನ್ನ ಕೆನ್ನೆಯನ್ನು. ನಾನೂ ಅಷ್ಟೇ. ದಪ್ಪಗಿರುವವರು ಕದ್ದು ತಿನ್ನುತ್ತಾರೆ ಎಂದು ನಲವತ್ತು ವರ್ಷ ನಂಬಿಕೊಂಡು ಬಂದೆ. ತಪ್ಪಾಯಿತು.

ಮಾತ್ರೆಯ ಹಂಗಿಲ್ಲದೆ ನೂರು ವರ್ಷ ಬಾಳು.

ನಿನ್ನ
ಅಕ್ಕ

ತಾ.ಕ.: ನಮ್ಮನೆಯಲ್ಲಿ ಉಳಿದ ರಾತ್ರಿ ನೀನು ಮಲಗಿದ ಮೇಲೆ ಅಡುಗೆಮನೆಗೆ ಬೀಗ ಹಾಕಿದ್ದೆ. ಕುಡಿಯುವ ನೀರೂ ಒಳಗೇ ಇತ್ತು. ನಿನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಬೆಳಿಗ್ಗೆ ನೋಡಿದರೆ ಬಚ್ಚಲುಮನೆಯಲ್ಲಿ ಹಲ್ಲುಜ್ಜುವ ಬ್ರಷ್‌ಗಳೆಲ್ಲ ಕಿಟಕಿಯ ಮೇಲಿದ್ದವು, ಅವುಗಳ ಲೋಟ ತೊಳೆದು ಬೋರಲು ಹಾಕಿತ್ತು. ಉಪವಾಸದಲ್ಲಿ ನೀರು ಧಾರಾಳವಾಗಿ ಕುಡಿಯಿರಿ ಎಂದು ದಿನಾ ಎಲ್ಲರಿಗೂ ಹೇಳುವವಳು ನಾನು. ನೀನು ನನ್ನನ್ನು ಎಬ್ಬಿಸಿ ಕೇಳಲಿಲ್ಲ.