ಕಪ್ಪೆಗಳು ಮನೆಗೆ ಬಂದ ವಾರ

ಏಪ್ರಿಲ್ ೧೯, ಭಾನುವಾರ ಸಂಜೆ

ಪ್ರೀತಿಯ ಜಾಣೆಗೆ,

ಹೇಗಿದ್ದೀಯ? ಅಕ್ಕನ ಮನೆಯಲ್ಲಿ ಈಗಲಾದರೂ ನಿದ್ದೆ ಹತ್ತುತ್ತಿದೆಯೇ? ನಿನ್ನ ಪತ್ರಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂದು ಕೇಳಿ ಸುಮ್ಮನಾಗಿಬಿಡುತ್ತೇವೆ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ, ಆದ್ದರಿಂದ ನಡೆದದ್ದನ್ನೇ ಹೇಳುತ್ತೇನೆ.

ಹೋದ ವಾರ ನಮ್ಮ ಪ್ರಯೋಗಾಲಯದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಗೋಡೆ ಮುಟ್ಟಿದರೆ ಕೈ ಚುರ್ ಎನ್ನುವಂಥ ಸೆಕೆ. ಜನರೇಟರ್ ಸ್ವಲ್ಪ ಹೊತ್ತು ಗೊರಗುಟ್ಟಿ ಕೈಕೊಟ್ಟಿತು. ತಂಪು ಮಾಡುವ ಯಂತ್ರಗಳೆಲ್ಲ ನಿಂತವು. ನಮ್ಮ ಕಪ್ಪೆಗಳ ಪಾಡು ನಿನಗೆ ಗೊತ್ತು, ಆದರೂ ಅಕ್ಕನಿಗೆ ಓದಿ ಹೇಳುತ್ತೀಯೆಂದು ಬರೆಯುತ್ತೇನೆ. ಹೆಬ್ಬೆರಳಿನ ಉಗುರಿನಷ್ಟೇ ಇರುವ ಜೀವ ಅದು. ನೀರು ಕುಡಿಯುವುದೂ ಚರ್ಮದಿಂದ, ಅರ್ಧ ಉಸಿರಾಟವೂ ಚರ್ಮದಿಂದ. ಆ ಚರ್ಮಕ್ಕೇ ಶಿಲೀಂಧ್ರವೊಂದು ಹತ್ತಿಕೊಂಡಿತು. ಚರ್ಮ ದಪ್ಪಗಾಗಿ, ಮೈಯೊಳಗಿನ ಉಪ್ಪಿನ ಲೆಕ್ಕ ತಪ್ಪಿ, ಕೊನೆಗೆ ಎದೆಬಡಿತ ನಿಲ್ಲುತ್ತದೆ. ಡೈನೋಸಾರ್‌ಗಳನ್ನು ಸಾಗಹಾಕಿದ ಕಾಲವನ್ನೂ ದಾಟಿ ಬಂದ ಕುಲ ಇದು. ಈಗ ಇವು ಹುಟ್ಟಿ ಬೆಳೆದ ಹೊಳೆಯಲ್ಲಿ ಈ ಜಾತಿಯ ಒಂದು ಕಪ್ಪೆಯೂ ಇಲ್ಲ. ಉಳಿದಿರುವುದು ನಮ್ಮ ಗಾಜಿನ ಪೆಟ್ಟಿಗೆಗಳಲ್ಲಿ ಮಾತ್ರ. ಅವು ಸೆಕೆ ತಡೆಯುವುದಿಲ್ಲ.

ನಿರ್ದೇಶಕರ ಮುಂದೆ ಹೋಗಿ ನಿಂತೆವು, ನಾನೂ ನಮ್ಮ ಪಶುವೈದ್ಯೆಯೂ. “ಮೇಲಿಂದ ಅನುಮತಿ ಬರೋವರೆಗೂ ಒಂದು ಪೆಟ್ಟಿಗೆನೂ ಆಚೆ ಹೋಗೋ ಹಾಗಿಲ್ಲ” ಎಂದರು.

“ಅನುಮತಿ ಬರೋಷ್ಟರಲ್ಲಿ ಇವು ಬೆಂದುಹೋಗಿರ್ತವೆ ಸರ್” ಎಂದಳು ವೈದ್ಯೆ.

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಎದ್ದು, “ನಾನು ಊಟಕ್ಕೆ ಹೋಗ್ತಿದೀನಿ. ನಡ್ಕೊಂಡೇ ಹೋಗ್ತೀನಿ” ಎಂದು ಕಾರಿನ ಬೀಗದ ಕೈಯನ್ನು ನನ್ನ ಮುಂದಿಟ್ಟು ಹೊರಟರು. ಅವರ ಕಾರಿನ ಎ.ಸಿ. ಎಷ್ಟು ಚೆನ್ನಾಗಿ ತಂಪು ಮಾಡುತ್ತದೆಂದು ಆಫೀಸಿಗೆಲ್ಲ ಗೊತ್ತು. ಮೂರು ವರ್ಷದಿಂದ ಆ ಮನುಷ್ಯನನ್ನು ಕಲ್ಲು ಅಂದುಕೊಂಡಿದ್ದೆನಲ್ಲ.

ಹಾಗೆ ಕಪ್ಪೆಗಳು ನಮ್ಮ ಮನೆಗೆ ಬಂದವು. ಕೆಳಮನೆಯ ಅಜ್ಜಿ ಮೆಟ್ಟಿಲಲ್ಲೇ ಅಡ್ಡ ನಿಂತರು. “ಇಬ್ಬರಿಗೆ ಅಂತ ಮನೆ ಕೊಟ್ಟೆ, ಒಂದು ಸಂಸಾರನೇ ಹೊತ್ಕೊಂಡ್ ಬಂದ್ಯಲ್ಲಪ್ಪ” ಎಂದರು. ಹಾಗೆಂದವರೇ ಸಂಜೆಯವರೆಗೂ ಫ್ರಿಜ್ಜಿನಿಂದ ಐಸು ತಂದುಕೊಡುತ್ತಿದ್ದರು.

ಆದರೂ ಅರ್ಧಕ್ಕಿಂತ ಹೆಚ್ಚು ಕಪ್ಪೆಗಳು ಅವತ್ತೇ ಹೋದವು. ಅಂಗೈಯಲ್ಲಿಟ್ಟುಕೊಂಡರೆ ತೂಕವೇ ಇರಲಿಲ್ಲ. ವೈದ್ಯೆ ಒಂದೊಂದನ್ನೂ ಒದ್ದೆ ಹತ್ತಿಯಲ್ಲಿ ಸುತ್ತಿ ಮೇಜಿನ ಮೇಲೆ ಸಾಲಾಗಿ ಮಲಗಿಸಿದಳು. ನಾನು ಆ ಕಡೆ ನೋಡದೆ ನೀರು ಚಿಮುಕಿಸುತ್ತಿದ್ದೆ.

ಒಂದು ಗಂಡು ಕಪ್ಪೆ ಮಾತ್ರ ಎಲೆ ಬಿಟ್ಟು ಏಳಲಿಲ್ಲ. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮೊಟ್ಟೆ ಒಣಗದಂತೆ ತನ್ನ ಒದ್ದೆ ಮೈಯನ್ನು ಒತ್ತಿ ಕೂರುವುದು ಗಂಡಿನ ಕೆಲಸ. “ನೋಡಿ, ಇವನ ಮೈಯೇ ಒಣಗ್ತಿದೆ, ಆದ್ರೂ ಕದಲ್ತಿಲ್ಲ” ಎಂದಳು ವೈದ್ಯೆ. ಹನಿಹನಿಯಾಗಿ ಅವನ ಬೆನ್ನಿಗೆ ನೀರು ಬಿಟ್ಟೆವು. ಮರುದಿನ ಕೆಲವು ಮೊಟ್ಟೆಗಳು ಬೆಳ್ಳಗಾಗಿದ್ದವು. ಅಂಥವನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಪಕ್ಕದವಕ್ಕೂ ಬೂಷ್ಟು ಹಿಡಿಯುತ್ತದೆ. ಚಿಮುಟ ಹಿಡಿದು ಕೂತೆ. ಅವನು ನನ್ನನ್ನೇ ನೋಡುತ್ತಿದ್ದ ಹಾಗನ್ನಿಸಿತು. ನನ್ನ ಕೈಯಲ್ಲಿ ಆಗಲಿಲ್ಲ, ವೈದ್ಯೆಯೇ ತೆಗೆದಳು.

ಮಿಕ್ಕ ಮೊಟ್ಟೆಗಳೊಳಗೆ ಕಪ್ಪು ಚುಕ್ಕೆಗಳು ಬಾಲ ಆಡಿಸುತ್ತಿದ್ದವು. ಗುರುವಾರ ಅವು ಒಂದೊಂದಾಗಿ ಎಲೆಯಿಂದ ಜಾರಿ ಕೆಳಗಿನ ನೀರಿಗೆ ಬಿದ್ದವು. ಆ ಸದ್ದು ಎಷ್ಟು ಸಣ್ಣದೆಂದರೆ ಫ್ಯಾನ್ ಆರಿಸಿ ಕೇಳಬೇಕಾಯಿತು. ಅವನು ಆಮೇಲೆ ಎದ್ದು ಪಾಚಿಯ ಹಿಂದೆ ಹೋಗಿ ಕೂತ. ಇನ್ನೂ ಸರಿಯಾಗಿ ತಿನ್ನುತ್ತಿಲ್ಲ, ಬದುಕುತ್ತಾನೋ ಇಲ್ಲವೋ ಹೇಳಲಾರೆ.

ನಿನ್ನೆ ಪ್ರಯೋಗಾಲಯಕ್ಕೆ ಕರೆಂಟು ಬಂತು. ದೊಡ್ಡ ಕಪ್ಪೆಗಳು ನಾಳೆ ವಾಪಸ್ಸು ಹೋಗುತ್ತವೆ. ಗೊದಮೊಟ್ಟೆಗಳನ್ನು ಮಾತ್ರ ಕಾಲು ಮೂಡುವವರೆಗೆ ಅಲುಗಾಡಿಸಬೇಡಿ ಎಂದಿದ್ದಾಳೆ ವೈದ್ಯೆ.

ಭಾವನಿಗೆ ನನ್ನ ನಮಸ್ಕಾರ. ಅಕ್ಕನ ಮಕ್ಕಳ ತಲೆ ಸವರಿ ನನ್ನ ಹೆಸರಿನಲ್ಲಿ ಹರಸು. ಹೊತ್ತುಹೊತ್ತಿಗೆ ಊಟ ಮಾಡು, ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಕ್ಕ ಇಟ್ಟ ಹೆಸರಿನವನೇ,
ಕಪ್ಪೆರಾಯ

ಇನ್ನೊಂದು ಮಾತು: ಇದನ್ನು ಅಕ್ಕನಿಗೆ ಓದಬೇಡ. ಕಪ್ಪೆಗಳನ್ನು ಮನೆಯಲ್ಲಿ ಎಲ್ಲಿಟ್ಟಿರಿ ಎಂದು ನೀನು ಕೇಳುತ್ತೀಯ. ನಮ್ಮಲ್ಲಿ ಬಿಸಿಲು ಬೀಳದ ಕೋಣೆ ಅದೊಂದೇ. ಬರಬೇಕಿದ್ದವಳಿಗೆಂದು ನಾವಿಬ್ಬರೂ ಹಳದಿ ಬಣ್ಣ ಬಳಿದ ಕೋಣೆ. ಆಸ್ಪತ್ರೆಯಿಂದ ನಾವಿಬ್ಬರೇ ಬಂದ ದಿನ ನೀನು ಹಾಕಿದ ಚಿಲಕವನ್ನು ಇಷ್ಟು ದಿನ ನಾನು ಮುಟ್ಟಿರಲಿಲ್ಲ. ತೊಟ್ಟಿಲನ್ನು ಗೋಡೆಗೆ ಸರಿಸಿ ಪೆಟ್ಟಿಗೆಗಳನ್ನು ನೆಲದ ಮೇಲೆ ಇಟ್ಟೆವು. ತೊಟ್ಟಿಲಿನೊಳಗೆ ಏನನ್ನೂ ಇಟ್ಟಿಲ್ಲ, ನಿನ್ನಾಣೆಗೂ. ನಿನಗೆ ಬೇಡವೆನ್ನಿಸಿದರೆ ಗೊದಮೊಟ್ಟೆಗಳನ್ನೂ ಸಾಗಿಸುತ್ತೇನೆ, ಆದದ್ದಾಗಲಿ. ಆದರೆ ಆ ಬಾಗಿಲನ್ನು ಮತ್ತೆ ಮುಚ್ಚುವುದು ನನ್ನೊಬ್ಬನಿಂದ ಆಗುವುದಿಲ್ಲ. ಬಂದು ನೀನೇ ಮುಚ್ಚು. ಇಲ್ಲವೇ ತೆರೆದೇ ಇರಲಿ ಎನ್ನು.