ಉದ್ದ ಉಸಿರಿನವನಿಗೆ ವ್ಯಾನಿನ ಕೀ

ಬುಧವಾರ, ತಿಂಡಿಯಾದ ಮೇಲೆ

ಬ್ಯಾಂಡಿನ ಯಜಮಾನನೂ, ಜಜ್ಜಿಹೋದ ವ್ಯಾನಿನ ಸರದಾರನೂ, ನನ್ನ ಅಕ್ಕನ ಒಬ್ಬನೇ ಮಗನೂ ಆದ ಅಳಿಯ ಮಹಾಶಯನಿಗೆ, ನಿನ್ನ ಸೋದರಮಾವ ತಲೆಯ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದಗಳು. ಕೈಯನ್ನು ಹಗುರವಾಗಿಯೇ ಇಟ್ಟಿದ್ದೇನೆ, ಹೊಲಿಗೆ ಹಾಕಿದ ಜಾಗ ತಪ್ಪಿಸಿ. ಅಲ್ಲಿ ಕೂದಲು ಬಾರದಿದ್ದರೂ ಚಿಂತೆ ಮಾಡಬೇಡ. ಬ್ಯಾಂಡಿನವನಿಗೆ ಟೋಪಿ ಹೇಗೂ ಒಪ್ಪುತ್ತದೆ. ನನ್ನ ಹಣೆಯ ಮೇಲೂ ಒಂದು ಗೀಟಿದೆಯಲ್ಲ, ಗೂಳಿಯನ್ನು ಕೊಂಬು ಹಿಡಿದು ನಿಲ್ಲಿಸಿದಾಗ ಆದದ್ದು, ಅದರಿಂದ ನನ್ನ ಚೆಲುವಿಕೆಗೆ ಏನಾದರೂ ಕಮ್ಮಿಯಾಯಿತೇ? ನಿನ್ನ ಅತ್ತೆಯನ್ನು ಕೇಳು. ಬೇಡ, ಕೇಳಬೇಡ.

ನಿನ್ನ ಕಾಗದ ಬಂತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳೇ ಒಡೆದು, ಓದಿ, ಮಡಚಿ, ನನ್ನ ಮುಂದೆ ಇಟ್ಟು ಅಡುಗೆಮನೆಗೆ ಹೋದಳು. ಅವಳು ಮಾತಾಡದೆ ಹೋದಳೆಂದರೆ ಏನೋ ಗ್ರಹಚಾರ ಕಾದಿದೆ ಅಂತಲೇ ಲೆಕ್ಕ.

ಹೊಸ ವ್ಯಾನು ಬಂದಿದೆ, ಭಾನುವಾರ ಮದುವೆಯ ಕಾರ್ಯಕ್ರಮ ಒಪ್ಪಿಕೊಂಡಿದ್ದೀಯ, ಎಲ್ಲರೂ ತಯಾರು ಅಂತ ಬರೆದಿದ್ದೀಯ. ನಮ್ಮ ಕ್ಲಾರಿನೆಟ್ಟಿನ ಗುಬ್ಬಿಯ ತಮ್ಮ, ಆ ಡ್ರಮ್ಮಿನವನು ಮಾತ್ರ ನೀನು ಓಡಿಸುವ ವ್ಯಾನಿಗೆ ಕಾಲಿಡುವುದಿಲ್ಲ ಅನ್ನುತ್ತಾನಂತೆ. ಅದಕ್ಕೆ ನಾನು ಅವನಿಗೆ ನಾಲ್ಕು ಸಾಲು ಬರೆಯಬೇಕಂತೆ: ನಾನೂ ಜೀವಮಾನವಿಡೀ ಕುಡಿದೇ ಓಡಿಸಿದ್ದು, ವ್ಯಾನಿಗೆ ಒಂದು ಗೀರೂ ಬೀಳಲಿಲ್ಲ, ಉಸಿರಿನ ಪಂದ್ಯ ಗೆದ್ದವನು ಸ್ಟೀರಿಂಗ್ ಹಿಡಿದರೆ ಏನೂ ಆಗುವುದಿಲ್ಲ, ಆವತ್ತು ನೀನು ವ್ಯಾನನ್ನು ಗೋಡೆಗೆ ಗುದ್ದಿದ್ದು ಬರೀ ಗ್ರಹಚಾರ ಅಂತ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಕಿವಿ ಹಿಂಡಿ ಮನೆಗೆ ಕಳಿಸಿದ ಮನುಷ್ಯ ನಾನು. ನನ್ನಿಂದ ಸರ್ಟಿಫಿಕೇಟು ಕೇಳಿದವನು ಇಷ್ಟು ವರ್ಷದಲ್ಲಿ ನೀನೊಬ್ಬನೇ. ಕೇಳಿದ್ದೀಯ, ಕೊಡುತ್ತೇನೆ. ಅದಕ್ಕೆ ಮುಂಚೆ ಸ್ವಲ್ಪ ಹಳೆಯದನ್ನು ಕೆದಕುತ್ತೇನೆ, ಸಹಿಸಿಕೋ.

ನಮ್ಮ ಆ ನೀಲಿ ವ್ಯಾನು ನಿನಗೆ ನೆನಪಿದೆಯೇ? ಅದರ ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತಿತ್ತು, ಬೈದರೆ ಮಾತ್ರ ತೆರೆಯುತ್ತಿತ್ತು. ಬೇಕರಿಯ ಹಿಂದಿನ ಶೆಡ್ಡಿನಲ್ಲಿ ನಮ್ಮ ಅಭ್ಯಾಸ. ಒಂದು ಕಡೆಯಿಂದ ಬನ್ನು ಬೇಯುವ ವಾಸನೆ, ಇನ್ನೊಂದು ಕಡೆಯಿಂದ ಹಿತ್ತಾಳೆ ಉಜ್ಜುವ ಪುಡಿಯ ವಾಸನೆ. ಈಗಲೂ ಬನ್ನು ಕಂಡರೆ ನನ್ನ ತುಟಿ ತಾನಾಗಿ ಟ್ರಂಪೆಟ್ ಊದಲು ಮುಂದೆ ಬರುತ್ತದೆ. ಮೊನ್ನೆ ಇಲ್ಲಿಯ ಬೇಕರಿಯವನ ಹೆಂಡತಿ ಅದನ್ನು ತಪ್ಪು ತಿಳಿದುಕೊಂಡಳು, ಅದು ಬೇರೆ ಕಥೆ. ಕೆಂಪು ಕೋಟು ಹಾಕಿಕೊಂಡು ನಾವು ಸಾಲಾಗಿ ನಿಂತರೆ ಮದುಮಗನನ್ನು ಯಾರು ನೋಡುತ್ತಿದ್ದರು? ಎಲ್ಲರ ಕಣ್ಣೂ ನಮ್ಮ ಮೇಲೆ. ಅದರಲ್ಲೂ ನನ್ನ ಮೇಲೆ.

ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣದ ಹಿಂದೆ, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಪಕ್ಕದಲ್ಲಿ ನಮ್ಮ ಬೈಠಕ್ಕು. ಮದುವೆ ಮನೆಯವರು ಖುಷಿಯಿಂದ ಕಳಿಸಿದ ಬಾಟಲಿಗಳು ಬರುತ್ತಿದ್ದವು. ವಾದ್ಯ ಒರೆಸುತ್ತ ಒರೆಸುತ್ತ ಅವು ಖಾಲಿಯಾಗುತ್ತಿದ್ದವು. ಆಮೇಲೆ ಉಸಿರಿನ ಪಂದ್ಯ. ಡ್ರಮ್ಮಿನ ಪೆಟ್ಟಿಗೆಯ ಮೇಲೆ ಒಂದು ಕಾಲಿಟ್ಟು, ಕಣ್ಣು ಮುಚ್ಚಿ, ಟ್ರಂಪೆಟ್ಟಿನಲ್ಲಿ ಒಂದೇ ಸ್ವರ ಹಿಡಿಯಬೇಕು. ಸ್ವರ ನಡುಗಿದರೆ ಅವನು ಔಟು. ಕೊನೆಯವರೆಗೆ ನಡುಗದೆ ನಿಂತವನಿಗೆ ವ್ಯಾನಿನ ಕೀ. ಆ ಪಂದ್ಯ ಶುರು ಮಾಡಿದವರು ನಿಮ್ಮಪ್ಪ, ನನ್ನ ಭಾವ. ಆಗಿದ್ದ ಹಳೆಯ ವ್ಯಾನಿನ ಬ್ರೇಕ್ ಕೈಕೊಟ್ಟು ಅವರು ಹೋದ ಮೇಲೆ ಬ್ಯಾಂಡು ಕೆಲವು ಕಾಲ ಮೂಲೆ ಸೇರಿತು. ಮತ್ತೆ ಎದ್ದಾಗ ಪಂದ್ಯವೂ ಎದ್ದಿತು. ಅಲ್ಲಿಂದಾಚೆ ಗೆದ್ದವನು ಯಾರು? ನಾನು. ಪ್ರತಿ ಸಲವೂ ನಾನು. ಎಲ್ಲರಿಗಿಂತ ಜಾಸ್ತಿ ಕುಡಿದು, ಎಲ್ಲರಿಗಿಂತ ಉದ್ದ ಊದಿ, ಎಲ್ಲರನ್ನೂ ಅವರವರ ಮನೆ ಬಾಗಿಲಿಗೆ ಇಳಿಸಿ ಬರುತ್ತಿದ್ದೆ. ಹೊಟ್ಟೆಗೆ ಹೋದಷ್ಟೂ ನನ್ನ ಗಾಡಿ ನೆಟ್ಟಗೆ ಓಡುತ್ತದೆ ಅಂತ ಎದೆ ತಟ್ಟಿ ಹೇಳುತ್ತಿದ್ದೆ. ನೀನು ಅದನ್ನು ಕೇಳಿ ಕೇಳಿಯೇ ಬೆಳೆದೆ.

ಈಗ ನನ್ನ ಚಪ್ಪಟೆ ಬಾಟಲಿಯನ್ನು ನೆನಪಿಸಿಕೋ. ಕೆಂಪು ಬಟ್ಟೆ ಸುತ್ತಿ, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆನಲ್ಲ, ಯಾರಿಗೂ ಮುಟ್ಟಗೊಡದ ನನ್ನ ಖಾಸಾ ಸರಕು. ಇದು ಕುದುರೆಗೂ ತಡೆಯದ ಮಾಲು, ನೀವು ಕುಡಿದರೆ ಕರುಳು ಸುಟ್ಟೀತು ಅಂತ ಹೆದರಿಸುತ್ತಿದ್ದೆ.

ಅದರಲ್ಲಿ ಇದ್ದದ್ದು ಚಹಾ. ಹಾಲು ಹಾಕದ, ಆರಿಸಿದ, ಕರೀ ಚಹಾ. ಮಾಡಿ ತುಂಬಿಸುತ್ತಿದ್ದವಳು ನಿನ್ನ ಅತ್ತೆ.

ನಗು. ನಕ್ಕು ಮುಗಿಸಿ ಮುಂದೆ ಓದು. ಇದನ್ನು ಬರೆಯುವಾಗ ನನ್ನ ಮೀಸೆ ತಾನಾಗಿ ಕೆಳಗಿಳಿಯುತ್ತಿದೆ. ಇಡೀ ಊರಿಗೆ ದೊಡ್ಡ ಕುಡುಕ ಅಂತ ಹೆಸರು ಮಾಡಿದ್ದೆ. ಎಷ್ಟು ಕಷ್ಟಪಟ್ಟು ಗಳಿಸಿದ ಹೆಸರು! ಅದನ್ನು ಒಂದು ಕಾಗದದಲ್ಲಿ ಕಳೆದುಕೊಳ್ಳುತ್ತಿದ್ದೇನೆ.

ಯಾಕೆ ಕುಡಿಯುವುದನ್ನು ಬಿಟ್ಟೆ ಅಂದರೆ, ಹೊಟ್ಟೆಯಲ್ಲಿ ಹುಣ್ಣಾಗಿತ್ತು, ಡಾಕ್ಟರು ಬೇಡ ಅಂದರು ಅಂತ ಇಟ್ಟುಕೋ. ಯಾಕೆ ಮುಚ್ಚಿಟ್ಟೆ ಅಂದರೆ, ನಮ್ಮ ಗುಂಪು ನಿನಗೆ ಗೊತ್ತಲ್ಲ. ಕುಡಿಯದವನು ಪಕ್ಕದಲ್ಲಿ ಕೂತರೆ ಅವರಿಗೆ ಮೇಷ್ಟ್ರು ಬಂದು ಕೂತಂತೆ. ನೀನೇನು ನಮಗಿಂತ ದೊಡ್ಡ ಮನುಷ್ಯನೋ ಅಂತ ಕೀ ಕಿತ್ತುಕೊಂಡು ತಾವೇ ಹೊರಡುವ ಜಾತಿ ಅದು. ಬುದ್ಧಿ ಹೇಳಿದರೆ ಕೊಡದ ಕೀಯನ್ನು ಪಂದ್ಯದಲ್ಲಿ ಸೋತರೆ ನಗುನಗುತ್ತ ಕೊಡುತ್ತಿದ್ದರು. ಚಹಾ ಕುಡಿದವನ ಉಸಿರು ನಡುಗುವುದಾದರೂ ಹೇಗೆ?

ಒಬ್ಬನಿಗೆ ಮಾತ್ರ ಗೊತ್ತಾಯಿತು. ದೊಡ್ಡ ಕಹಳೆ ಊದುತ್ತಿದ್ದ ಕ್ಷೌರಿಕ. ನಾನು ಕೋಟು ಬಿಚ್ಚಿಟ್ಟು ವ್ಯಾನಿನ ಚಕ್ರ ನೋಡಲು ಹೋದಾಗ ಅದರ ಜೇಬಿಗೆ ಕೈ ಹಾಕಿ ಒಂದು ಗುಟುಕು ಏರಿಸಿಬಿಟ್ಟಿದ್ದ. ನಾನು ತಿರುಗಿ ಬಂದಾಗ ಅವನ ಮುಖ ನೋಡಬೇಕಿತ್ತು. ಇವತ್ತು ನನ್ನ ಮಾನ ಹೋಯಿತು ಅಂದುಕೊಂಡೆ. ಅವನು ಬಾಟಲಿಗೆ ಬಟ್ಟೆ ಸುತ್ತಿ, ಕೈಗೆ ಕೊಟ್ಟು, ಮೆಲ್ಲಗೆ ಹೇಳಿದ:

“ಸ್ವಲ್ಪ ಸಕ್ಕರೆ ಜಾಸ್ತಿ ಹಾಕೋಕೆ ಹೇಳೋ.”

ಅಷ್ಟೇ. ಆವತ್ತಿನಿಂದ ಪಂದ್ಯದಲ್ಲಿ ಅವನ ಉಸಿರು ಬೇಗ ಬೇಗ ಮುಗಿಯತೊಡಗಿತು. ಎಮ್ಮೆಯಂಥ ಆಳು, ಮೂರು ಮಕ್ಕಳನ್ನು ಹೆಗಲ ಮೇಲೆ ಹೊರುವವನು, ಗುಬ್ಬಿಗಿಂತ ಮೊದಲು ಔಟಾಗಿ ಕೂರುತ್ತಿದ್ದ. ಸಾಯುವವರೆಗೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅಂಥವರು ಈಗ ಎಲ್ಲಿ ಸಿಗುತ್ತಾರೆ?

ಅಳಿಯ, ನಿನ್ನ ಲೆಕ್ಕ ತಪ್ಪಿದ್ದು ಇಲ್ಲೇ. ಕುಡಿದವರ ನಡುವೆ ಪಂದ್ಯ ಇಟ್ಟರೆ ಗೆಲ್ಲುವವನೂ ಕುಡಿದವನೇ. ಉಳಿದವರು ಅವನಿಗಿಂತ ಜಾಸ್ತಿ ತೂರಾಡುತ್ತಿದ್ದರು ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಸ್ವರ ಹಿಡಿಯುವುದು ಎದೆ. ಆದರೆ ತಿರುವು ಕಾಣಬೇಕಾದ್ದು ಕಣ್ಣಿಗೆ, ಕಂಡದ್ದು ಕಾಲಿಗೆ ಆ ಕ್ಷಣವೇ ಮುಟ್ಟಬೇಕು. ಒಂದೇ ಗ್ಲಾಸು ಸಾಕು ಆ ಸುದ್ದಿ ದಾರಿಯಲ್ಲಿ ತಡವಾಗಲು. ಕುಡಿದವನಿಗೆ ಅದು ತಡವಾಯಿತು ಅಂತ ಗೊತ್ತೂ ಆಗುವುದಿಲ್ಲ. ನೀನೂ ಹಾಗೆಯೇ ಬರೆದಿದ್ದೀಯಲ್ಲ, ಗೋಡೆ ಇದ್ದಕ್ಕಿದ್ದಂತೆ ಎದುರಿಗೆ ಬಂತು ಅಂತ. ಗೋಡೆ ಎಲ್ಲಿಂದಲೂ ಬರಲಿಲ್ಲ ಕಣೋ. ಅದು ನಮ್ಮಜ್ಜನ ಕಾಲದಿಂದ ಅಲ್ಲೇ ಇದೆ.

ಹೋದ ವಾರ ಬಸ್ಸು ಹತ್ತಿ ಗುಬ್ಬಿಯನ್ನು ನೋಡಿ ಬಂದೆ. ನಿನಗೆ ಹೇಳಲಿಲ್ಲ. ಕೈಯ ಪಟ್ಟಿ ಬಿಚ್ಚಿದ್ದಾರೆ. ಗೋಡೆಗೆ ಒರಗಿಸಿದ್ದ ಕ್ಲಾರಿನೆಟ್ಟನ್ನು ನನಗೋಸ್ಕರ ಎತ್ತಿಕೊಂಡ. ಎರಡು ಬೆರಳು ತೂತಿನ ಮೇಲೆ ಕೂರುವುದೇ ಇಲ್ಲ, ಗಾಳಿ ಪಕ್ಕದಿಂದ ಸೋರಿಹೋಗುತ್ತದೆ. ನಾನು ಏನೋ ತಮಾಷೆ ಮಾಡಲು ಹೋಗಿ, ಕನ್ನಡಕ ತೆಗೆದು ಒರೆಸಿಕೊಂಡೆ. ಅವನೇ ನಕ್ಕ.

“ಊದ್ತೀನಿ ಮಾವ, ಸ್ವರ ಬರ್ತದೆ. ಯಾವುದು ಬೇಕೋ ಅದು ಬರಲ್ಲ, ಅಷ್ಟೇ.”

ನಿನ್ನ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನೂ ನನ್ನ ಬಡಾಯಿ ನಂಬಿಯೇ ಆ ಸಂಜೆ ನಿನ್ನ ಪಕ್ಕ ಕೂತದ್ದು.

ಆದ್ದರಿಂದ ಈ ಕಾಗದವನ್ನು ನೀನೊಬ್ಬನೇ ಓದಿ ಮಡಚಬೇಡ. ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದು. ಗುಬ್ಬಿಯ ತಮ್ಮನನ್ನು ಮುಂದೆ ಕೂರಿಸು. ನೀನು ಕೇಳಿದ ಸರ್ಟಿಫಿಕೇಟು ಇದು: ಈ ಮನುಷ್ಯ ಅಷ್ಟು ವರ್ಷ ಒಂದು ಹನಿ ಕುಡಿಯದೆ ವ್ಯಾನು ಓಡಿಸಿದ್ದಾನೆ, ಅದಕ್ಕೇ ಅದರ ಮೇಲೆ ಒಂದು ಗೀರೂ ಬೀಳಲಿಲ್ಲ.

ಪಂದ್ಯ ಬೇಡ. ಯಾರು ಓಡಿಸುವುದು ಅನ್ನುವುದು ಬೆಳಿಗ್ಗೆ ವಾದ್ಯ ತುಂಬುವಾಗಲೇ ತೀರ್ಮಾನವಾಗಲಿ, ಎಲ್ಲರ ತಲೆ ನೆಟ್ಟಗಿರುವಾಗ. ಅವನು ಕೀಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳಲಿ, ಕೋಟಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಕೀ ಕೊರಳಲ್ಲಿ ಇರುವವನಿಗೆ ಗ್ಲಾಸು ಕೊಟ್ಟವನು ಮನೆಗೆ ನಡೆದುಕೊಂಡು ಬರಲಿ. ಊಟದ ಮೊದಲ ತಟ್ಟೆ ಅವನಿಗೆ, ಮುಂದಿನ ಸಲ ಸರದಿ ಇನ್ನೊಬ್ಬನಿಗೆ. ಅಪ್ಪಿತಪ್ಪಿ ಅವನ ಬಾಯಿಗೆ ಒಂದು ಗುಟುಕು ಹೋಯಿತೋ, ವ್ಯಾನು ಅಲ್ಲೇ ನಿಲ್ಲಲಿ. ಬಸ್ಸು ಹಿಡಿಯಿರಿ, ಬಾಡಿಗೆ ಗಾಡಿ ಕರೆಸಿ, ಇಲ್ಲವೇ ಆ ಕುರ್ಚಿಗಳ ನಡುವೆಯೇ ಮಲಗಿ. ಒಂದು ರಾತ್ರಿ ಹೊರಗೆ ನಿಂತರೆ ವ್ಯಾನಿಗೆ ನೆಗಡಿಯಾಗುವುದಿಲ್ಲ. ಮತ್ತೆ ನನ್ನ ಹಾಗೆ ಕಳ್ಳ ಚಹಾ ಬೇಡ, ಎದುರಿಗೇ ಕುಡಿಯಿರಿ. ನಾನು ಮುಚ್ಚಿಟ್ಟು ನನ್ನ ಗುಂಪನ್ನು ಮನೆ ಸೇರಿಸಿದೆ, ನಿಜ. ನಿನ್ನನ್ನು ಮಾತ್ರ ಗೋಡೆಗೆ ಸೇರಿಸಿದೆ.

ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ. ಓಡಿಸುವುದಕ್ಕಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ನಿನ್ನ ಅತ್ತೆ ನನ್ನ ಲೈಸೆನ್ಸನ್ನು ಎಲ್ಲೋ ಅಡಗಿಸಿಟ್ಟಿದ್ದಾಳೆ, ಒಂದೇ ಕಣ್ಣಿನಲ್ಲಿ ನಾನು ನಿಮ್ಮೆಲ್ಲರಿಗಿಂತ ಚೆನ್ನಾಗಿ ಓಡಿಸಬಲ್ಲೆ ಅಂದರೂ ಕೇಳುವುದಿಲ್ಲ. ಗುಬ್ಬಿಯ ತಮ್ಮನ ಪಕ್ಕದಲ್ಲಿ ಕೂತು ಬರುತ್ತೇನೆ, ಅಷ್ಟೇ. ಮೊದಲ ಸರದಿಯ ಕೀ ಅವನ ಕೊರಳಿಗೇ ಹಾಕು.

ಇಂತು ನಿನ್ನ ಮಾವ,
ಈ ಊರಿನ ಅತಿ ದೊಡ್ಡ ಚಹಾ ಕುಡುಕ

ತಾ.ಕ.: ಕಾಗದವನ್ನು ಇಲ್ಲಿಗೇ ಅಂಟಿಸಿದ್ದೆ. ನಿನ್ನ ಅತ್ತೆ ಹಬೆಯಲ್ಲಿ ಹಿಡಿದು ಬಿಚ್ಚಿ, ಹುಣ್ಣು ಯಾರಿಗಿತ್ತು ಅಂತ ಕೇಳಿದಳು. ಆಮೇಲೆ ಹಿಂದಿನ ಬೀದಿಗೆ ಹೋಗಿ, ನಿಜ ಬರೆಯಲೇ ಅಂತ ನಿನ್ನ ಅಮ್ಮನನ್ನು ಕೇಳಿ ಬಂದೆ. ಅಕ್ಕ ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತದೆಯೇ “ಬರಿ” ಅಂದಳು. ಇದನ್ನು ಮಾತ್ರ ಗಟ್ಟಿಯಾಗಿ ಓದಬೇಡ. ನನ್ನ ಹಣೆಯ ಗೀಟಿಗೆ ಗೂಳಿ ಕಾರಣವಲ್ಲ. ಆ ಸಂಜೆ ಪಂದ್ಯ ಗೆದ್ದವರು ನಿಮ್ಮಪ್ಪ, ಅವರ ಪಕ್ಕದ ಸೀಟಿನಲ್ಲಿ ನಾನಿದ್ದೆ. ಅಷ್ಟು ಉದ್ದದ, ಅಷ್ಟು ಚೆಂದದ ಸ್ವರ ನಾನು ಮತ್ತೆಂದೂ ಕೇಳಿಲ್ಲ, ನಾವೆಲ್ಲ ಚಪ್ಪಾಳೆ ತಟ್ಟಿ ಕೀ ಕೊಟ್ಟಿದ್ದೆವು. ನೀನು ಚಿಕ್ಕವನು, ಏನಾದರೂ ಹೇಳಬೇಕಿತ್ತು, ಅದಕ್ಕೆ ಬ್ರೇಕಿನ ಮೇಲೆ ಹಾಕಿದೆವು. ಬ್ರೇಕು ಸರಿಯಾಗಿಯೇ ಇತ್ತು ಮಗ. ನಿಮ್ಮಪ್ಪನ ಕಾಲು ಅದರ ಮೇಲೆ ಬರುವುದು ತಡವಾಯಿತು.